ಹಾರದ ಗುಂಡು: 1859ರಲ್ಲಿ ನಡೆಯದೆ ಉಳಿದ ಯುದ್ಧ



ಇತಿಹಾಸದ ದತ್ತಿ ಉಪನ್ಯಾಸಕ್ಕೆ ಕರೆದಾಗ ನಡೆದದ್ದನ್ನು ಹೇಳುವುದು ವಾಡಿಕೆ. ನಾನು ಇವತ್ತು ನಡೆಯದೆ ಹೋದ ಒಂದು ಯುದ್ಧದ ಬಗ್ಗೆ ಮಾತಾಡಲಿದ್ದೇನೆ. ಅದು ನಡೆಯಲು ಬೇಕಾದದ್ದೆಲ್ಲ ಸಿದ್ಧವಾಗಿತ್ತು. ಸೈನಿಕರು, ಫಿರಂಗಿ, ಹಡಗು, ಕೊನೆಗೆ ಸೈನಿಕರನ್ನು ಇಳಿಸುವ ಆಜ್ಞೆ ಕೂಡ. ಆದರೂ ಗುಂಡು ಹಾರಲಿಲ್ಲ. ಯಾಕೆ ಹಾರಲಿಲ್ಲ, ಹಾರಿದ್ದರೆ ಏನಾಗುತ್ತಿತ್ತು ಎಂಬ ಎರಡು ಪ್ರಶ್ನೆಗಳು ನನ್ನನ್ನು ಬಹಳ ವರ್ಷಗಳಿಂದ ಕಾಡಿವೆ.

ಜಾಗ ಉತ್ತರ ಅಮೆರಿಕದ ಪಶ್ಚಿಮ ಕರಾವಳಿ. 1846ರ ಜೂನ್ 15ರಂದು ಬ್ರಿಟನ್ ಮತ್ತು ಅಮೆರಿಕ ಆರೆಗಾನ್ ಒಪ್ಪಂದಕ್ಕೆ ಸಹಿ ಹಾಕಿದವು. 49ನೆಯ ಅಕ್ಷಾಂಶದ ಮೇಲೆ ಗಡಿ, ಸಮುದ್ರ ಮುಟ್ಟಿದ ಮೇಲೆ ವ್ಯಾಂಕೂವರ್ ದ್ವೀಪವನ್ನು ಭೂಖಂಡದಿಂದ ಬೇರ್ಪಡಿಸುವ ಕಾಲುವೆಯ ನಡುಮಧ್ಯದಲ್ಲಿ ಗಡಿ ಎಂದು ಬರೆದುಕೊಂಡರು. ಬರೆದವರು ಯಾರೂ ಆ ನೀರಿನಲ್ಲಿ ದೋಣಿ ಬಿಟ್ಟವರಲ್ಲ. ಅಲ್ಲಿದ್ದದ್ದು ಒಂದು ಕಾಲುವೆಯಲ್ಲ. ಪಶ್ಚಿಮಕ್ಕೆ ಹಾರೊ, ಪೂರ್ವಕ್ಕೆ ರೊಸಾರಿಯೊ, ನಡುವೆ ಸ್ಯಾನ್ ವಾನ್ ದ್ವೀಪಗಳು. ಬ್ರಿಟಿಷರು ಪೂರ್ವದ್ದು ಗಡಿ ಎಂದರು, ಅಮೆರಿಕನ್ನರು ಪಶ್ಚಿಮದ್ದು ಎಂದರು. ನಕ್ಷೆ ಬಿಡಿಸಿ ನೋಡಿದರೆ ಎರಡೂ ಪಕ್ಷದ ವಾದ ಸರಿ ಎನಿಸುತ್ತದೆ. ಒಂದು ಸಾಲಿನ ಅಜಾಗರೂಕತೆ ಹದಿಮೂರು ವರ್ಷ ಹೊಗೆಯಾಡಿತು. ತಲೆಮಾರುಗಳಿಂದ ಆ ದ್ವೀಪಗಳಲ್ಲಿ ಮೀನು ಹಿಡಿದು ಬದುಕುತ್ತಿದ್ದ ಸೇಲಿಷ್ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ. ಈ ಕಥೆಯಲ್ಲಿ ನನಗೆ ಅತ್ಯಂತ ನೋವು ಕೊಡುವ ಮಾತು ಇದೇ.

1853ರ ಕೊನೆಯಲ್ಲಿ ಬ್ರಿಟಿಷರ ಹಡ್ಸನ್ಸ್ ಬೇ ಕಂಪನಿ ಸ್ಯಾನ್ ವಾನ್ ದ್ವೀಪದಲ್ಲಿ ಕುರಿ ದೊಡ್ಡಿ ಮಾಡಿತು. ಅದರ ಮೇಲ್ವಿಚಾರಕ ಚಾರ್ಲ್ಸ್ ಗ್ರಿಫಿನ್. 1859ರ ಹೊತ್ತಿಗೆ ಒಂದಷ್ಟು ಅಮೆರಿಕನ್ ವಲಸಿಗರೂ ಬಂದು ನೆಲೆ ಹಿಡಿದಿದ್ದರು. ಅವರಲ್ಲಿ ಲೈಮನ್ ಕಟ್ಲರ್ ಆಲೂಗಡ್ಡೆ ಹಾಕಿದ್ದ. ಕಂಪನಿಯ ಕಪ್ಪು ಹಂದಿ ಮತ್ತೆ ಮತ್ತೆ ನುಗ್ಗಿ ಮಣ್ಣು ಕೆದರಿ ಗೆಡ್ಡೆ ತಿನ್ನುತ್ತಿತ್ತು. ಜೂನ್ 15ರಂದು, ಒಪ್ಪಂದಕ್ಕೆ ಸರಿಯಾಗಿ ಹದಿಮೂರು ವರ್ಷ ತುಂಬಿದ ದಿನ, ಅವನು ಅದನ್ನು ಗುಂಡಿಟ್ಟು ಕೊಂದ. ಹತ್ತು ಡಾಲರ್ ಕೊಡುತ್ತೇನೆ ಎಂದ. ಗ್ರಿಫಿನ್ ನೂರು ಕೇಳಿದ. ನಮ್ಮ ಹಳ್ಳಿಯಲ್ಲಾಗಿದ್ದರೆ ಹಂದಿಯನ್ನು ದೊಡ್ಡಿಗೆ ಹೊಡೆದು, ಪಂಚರನ್ನು ಕೂಡಿಸಿ, ನಡುವಿನ ಯಾವುದೋ ಮೊತ್ತಕ್ಕೆ ಒಪ್ಪಿಸಿ ಜಗಳ ಮುಗಿಸುತ್ತಿದ್ದರು. ಅಲ್ಲಿ ಪಂಚಾಯ್ತಿ ಮಾಡುವವರು ಯಾರು? ಅದು ಯಾವ ದೇಶದ ನೆಲ ಎಂಬುದೇ ತೀರ್ಮಾನವಾಗಿರಲಿಲ್ಲವಲ್ಲ. ಬ್ರಿಟಿಷರು ಕಟ್ಲರನನ್ನು ಬಂಧಿಸಿ ವ್ಯಾಂಕೂವರ್ ದ್ವೀಪದ ವಿಕ್ಟೋರಿಯಾಕ್ಕೆ ಒಯ್ಯುತ್ತಾರೆಂಬ ಮಾತು ಹಬ್ಬಿತು. ಅಮೆರಿಕನ್ ಸೇನೆಯ ಜನರಲ್ ವಿಲಿಯಂ ಹಾರ್ನಿಗೆ ಬ್ರಿಟಿಷರೆಂದರೆ ಆಗದು. ಅವನು ವಾಷಿಂಗ್ಟನ್ನಿನ ಒಪ್ಪಿಗೆಗೆ ಕಾಯದೆ ಕ್ಯಾಪ್ಟನ್ ಜಾರ್ಜ್ ಪಿಕೆಟ್‌ನನ್ನು 66 ಸೈನಿಕರೊಂದಿಗೆ ಕಳಿಸಿದ. ಜುಲೈ 27ಕ್ಕೆ ಅವರು ದ್ವೀಪದಲ್ಲಿ ಇಳಿದರು.

ವ್ಯಾಂಕೂವರ್ ದ್ವೀಪದ ಬ್ರಿಟಿಷ್ ಗವರ್ನರ್ ಜೇಮ್ಸ್ ಡಗ್ಲಾಸ್ ಕೂಡ ಹಟಮಾರಿ. ಅವನ ಭಯಕ್ಕೆ ಕಾರಣವಿತ್ತು. ಹಿಂದಿನ ವರ್ಷ ಫ್ರೇಸರ್ ನದಿಯಲ್ಲಿ ಚಿನ್ನ ಸಿಕ್ಕಿ ಸಾವಿರಾರು ಅಮೆರಿಕನ್ನರು ಅವನ ಸೀಮೆಗೆ ನುಗ್ಗಿದ್ದರು. ಇವತ್ತು ದ್ವೀಪ, ನಾಳೆ ಇಡೀ ವಸಾಹತು ಎಂದು ಅವನು ಲೆಕ್ಕ ಹಾಕಿದ. ಟ್ರಿಬ್ಯೂನ್ ಹಡಗಿನ ಕ್ಯಾಪ್ಟನ್ ಜೆಫ್ರಿ ಹಾರ್ನ್‌ಬಿಗೆ ನೌಕಾ ಸೈನಿಕರನ್ನು ಇಳಿಸಲು ಹೇಳಿದ.

ಈಗ ಆಗಸ್ಟ್ 3ನ್ನು ಹತ್ತಿರದಿಂದ ನೋಡಿ. ಕೊಲ್ಲಿಯಲ್ಲಿ ಮೂರು ಬ್ರಿಟಿಷ್ ಹಡಗುಗಳು. ಟ್ರಿಬ್ಯೂನ್ ಒಂದರಲ್ಲೇ 31 ಫಿರಂಗಿ. ದಂಡೆಯಲ್ಲಿ ಪಿಕೆಟ್‌ನ ಡೇರೆಗಳು. ಹಾರ್ನ್‌ಬಿ ದಂಡೆಗೆ ಬಂದು ಪಿಕೆಟ್ ಜೊತೆ ಕೂತು ಮಾತಾಡುತ್ತಾನೆ. ಎರಡೂ ಕಡೆಯ ಸೈನಿಕರು ಸದ್ಯಕ್ಕೆ ಒಟ್ಟಿಗೆ ಇರಲಿ ಎನ್ನುತ್ತಾನೆ. ತನಗೆ ಆ ಅಧಿಕಾರವಿಲ್ಲ, ಇಳಿದರೆ ತಡೆಯುತ್ತೇನೆ ಎಂದು ಪಿಕೆಟ್ ಉತ್ತರಿಸುತ್ತಾನೆ. ಬಲಾಬಲ ನೋಡಿದರೆ ಪಿಕೆಟ್ ಅರ್ಧ ದಿನವೂ ನಿಲ್ಲುತ್ತಿರಲಿಲ್ಲ. ಹಾರ್ನ್‌ಬಿಯ ಕೈಯಲ್ಲಿ ಆಜ್ಞೆಯಿತ್ತು, ಶಕ್ತಿಯಿತ್ತು, ಎದುರಿನವನ ಸವಾಲೂ ಇತ್ತು. ಅವನು ಎದ್ದು ಹಡಗಿಗೆ ಮರಳಿದ. ಯಾರನ್ನೂ ಇಳಿಸಲಿಲ್ಲ.

ಎರಡು ದಿನದ ಬಳಿಕ ಬ್ರಿಟಿಷರ ಪೆಸಿಫಿಕ್ ನೌಕಾಪಡೆಯ ಮುಖ್ಯಸ್ಥ ರಿಯರ್ ಅಡ್ಮಿರಲ್ ರಾಬರ್ಟ್ ಬೇನ್ಸ್ ಎಸ್ಕ್ವಿಮಾಲ್ಟ್ ಬಂದರಿಗೆ ಬಂದ. ನವರಿನೊ ಕದನ ಕಂಡಿದ್ದ ಹಳೆಯ ನಾವಿಕ ಅವನು. ಡಗ್ಲಾಸನ ಆಜ್ಞೆಯನ್ನು ನೋಡಿ ಗಾಬರಿಯಾಗಿ ಅದನ್ನು ರದ್ದು ಮಾಡಿದ. ಒಂದು ಹಂದಿಗಾಗಿ ಎರಡು ದೊಡ್ಡ ದೇಶಗಳನ್ನು ಯುದ್ಧಕ್ಕೆ ದೂಡಲಾರೆ ಎಂಬ ಅರ್ಥದ ಮಾತು ಅವನ ಹೆಸರಿನಲ್ಲಿ ಇವತ್ತಿಗೂ ಪ್ರಚಲಿತ. ಅದೇ ತಿಂಗಳು ದ್ವೀಪದಲ್ಲಿ 461 ಅಮೆರಿಕನ್ನರು, 14 ಫಿರಂಗಿ. ನೀರಿನಲ್ಲಿ ಐದು ಬ್ರಿಟಿಷ್ ಹಡಗು, 2,140 ಜನ. ಅಮೆರಿಕನ್ನರ ಮಣ್ಣಿನ ಕೋಟೆ ಕಟ್ಟಿಸಿದ ತರುಣ ಎಂಜಿನಿಯರ್ ಹೆನ್ರಿ ರಾಬರ್ಟ್. ಸಭೆಗಳನ್ನು ಜಗಳವಿಲ್ಲದೆ ನಡೆಸುವುದು ಹೇಗೆ ಎಂದು ಮುಂದೆ ಜಗತ್ಪ್ರಸಿದ್ಧ ನಿಯಮಾವಳಿ ಬರೆದವನು ಅವನೇ.

ಈಗ ಎರಡನೆಯ ಪ್ರಶ್ನೆ. ಹಾರ್ನ್‌ಬಿ ಆಜ್ಞೆ ಪಾಲಿಸಿದ್ದರೆ?

ಇಂಥ ಊಹೆಗೆ ನಾನು ಒಂದು ಕಟ್ಟು ಹಾಕಿಕೊಂಡಿದ್ದೇನೆ. ಬದಲಿಸುವುದು ಒಂದೇ ಸಂಗತಿಯನ್ನು. ಅದೂ ಆ ಕಾಲದವರ ಮುಂದೆ ನಿಜವಾಗಿ ಇದ್ದ ಆಯ್ಕೆಯಾಗಿರಬೇಕು. ಈ ಆಯ್ಕೆ ಲಿಖಿತ ಆಜ್ಞೆಯ ರೂಪದಲ್ಲೇ ಇತ್ತು.

ಮೊದಲ ಗಂಟೆಯಲ್ಲಿ ದಂಡೆಯ ಮೇಲೆ ಹೆಣಗಳು ಬೀಳುತ್ತಿದ್ದವು. ಪಿಕೆಟ್‌ನದೂ ಅದರಲ್ಲಿ ಒಂದಾಗಬಹುದಿತ್ತು. ಆಗ ಅಮೆರಿಕದ ಅಂತರ್ಯುದ್ಧದ 1863ರ ಗೆಟಿಸ್‌ಬರ್ಗ್ ಕದನದಲ್ಲಿ ಅವನ ಹೆಸರಿನ ಆ ಪ್ರಸಿದ್ಧ, ಭೀಕರ ದಾಳಿ ಇರುತ್ತಿರಲಿಲ್ಲ. ಆದರೆ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಸುದ್ದಿಯ ವೇಗ. ಕರಾವಳಿಗೆ ಇನ್ನೂ ತಂತಿ ಬಂದಿರಲಿಲ್ಲ. ಅಮೆರಿಕದ ಎರಡು ಕರಾವಳಿಗಳ ನಡುವೆ ತಂತಿ ಕೂಡಿದ್ದು 1861ರಲ್ಲಿ. ಅಟ್ಲಾಂಟಿಕ್ ಅಡಿಯ ತಂತಿ 1858ರಲ್ಲಿ ಕೆಲವೇ ವಾರ ಮಾತಾಡಿ ಸತ್ತಿತ್ತು. ಹಂದಿಯ ಜಗಳ ಇಷ್ಟು ದೂರ ಹೋಗಿದೆಯೆಂದು ವಾಷಿಂಗ್ಟನ್ನಿಗೆ ಗೊತ್ತಾದದ್ದೇ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ದ್ವೀಪದಲ್ಲಿ ಎರಡೂ ಕಡೆಯವರ ಕಾವು ಇಳಿದಿತ್ತು. ತಡವಾದ ಅಂಚೆ ಶಾಂತಿಗೆ ನೆರವಾಯಿತು. ಆದರೆ ರಕ್ತ ಹರಿದಿದ್ದರೆ ಅದೇ ತಡ ಶತ್ರುವಾಗುತ್ತಿತ್ತು. ಎರಡು ರಾಜಧಾನಿಗಳು ಕಣ್ಣುಬಿಡುವ ಮೊದಲೇ ಸ್ಥಳೀಯ ಹಟವಾದಿಗಳು ತಿಂಗಳುಗಟ್ಟಲೆ ಕಾದಾಡುತ್ತಿದ್ದರು. ವಿಕ್ಟೋರಿಯಾದ ಸುತ್ತ ನೆಲದ ಮೇಲೆ ಅಮೆರಿಕನ್ನರ ಸಂಖ್ಯೆ ಮೇಲು, ನೀರಿನಲ್ಲಿ ಬ್ರಿಟಿಷರು ಮೇಲು. ಅಂಥ ಯುದ್ಧ ಬೇಗ ಮುಗಿಯುವ ಜಾತಿಯದ್ದಲ್ಲ. ಬ್ರಿಟಿಷ್ ನೌಕಾಪಡೆ ಸ್ಯಾನ್ ಫ್ರಾನ್ಸಿಸ್ಕೊ ಬಂದರಿನ ಬಾಯಿ ಮುಚ್ಚುತ್ತಿತ್ತು, ಪೂರ್ವದಲ್ಲಿ ಕೆನಡಾದ ಗಡಿಗೆ ಬೆಂಕಿ ಹತ್ತುತ್ತಿತ್ತು ಎಂದು ನನ್ನ ಎಣಿಕೆ.

ಇನ್ನೊಂದು ಪರಿಣಾಮ ನನ್ನನ್ನು ಹೆಚ್ಚು ಕಲಕುತ್ತದೆ. ಅಮೆರಿಕದಲ್ಲಿ ಆಗ ಸುಮಾರು 40 ಲಕ್ಷ ಜನ ಗುಲಾಮಗಿರಿಯಲ್ಲಿದ್ದರು. ಉತ್ತರ ದಕ್ಷಿಣಗಳು ಆ ಪ್ರಶ್ನೆಯ ಮೇಲೆ ಒಡೆಯುತ್ತಿದ್ದವು. ಹೊರಗಿನ ಶತ್ರು ಸಿಕ್ಕರೆ ಒಡಕು ಮುಚ್ಚುತ್ತದೆ ಎಂದೇ ಹಾರ್ನಿ, ಪಿಕೆಟ್ ಹೀಗೆ ಮಾಡಿದರೆಂದು ಅವರ ಸೇನೆಯವರೇ ಕೆಲವರು ಆಮೇಲೆ ಆರೋಪಿಸಿದರು. ಅದು ಸಾಬೀತಾಗಿಲ್ಲ. ಆದರೆ ಬ್ರಿಟನ್ ಜೊತೆಗಿನ ಯುದ್ಧ 1860ರ ಚುನಾವಣೆಯನ್ನು ನುಂಗಿದ್ದರೆ, ಗುಲಾಮಗಿರಿ 1865ಕ್ಕೆ ಕೊನೆಗಾಣುತ್ತಿತ್ತೆಂದು ನಾನು ನಂಬಲಾರೆ. ಒಂದು ತಲೆಮಾರಾದರೂ ಸಂಕೋಲೆಯಲ್ಲಿ ಉಳಿಯುತ್ತಿತ್ತು.

ನಮ್ಮ ನಾಡಿಗೂ ಇದರ ಎಳೆ ಬರುತ್ತದೆ. ಲ್ಯಾಂಕಾಷೈರಿನ ಗಿರಣಿಗಳ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ್ದು. 1861ರಲ್ಲಿ ಅಂತರ್ಯುದ್ಧ ಶುರುವಾಗಿ ಆ ಹತ್ತಿ ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಹಿಂದೆ ಕಾಣದ ಬೆಲೆ ಬಂತು. ಅದನ್ನು ಘಟ್ಟ ಇಳಿಸಿ ಕಾರವಾರ ಬಂದರಿಗೆ ತರುವ ಒತ್ತಾಯಕ್ಕಾಗಿ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ದೂರದ ಯುದ್ಧವೊಂದು ನಮ್ಮ ಕರಾವಳಿಯ ನಡುವೆ ಗೆರೆ ಎಳೆದದ್ದು ನಡೆದ ಇತಿಹಾಸ. ಹಾರ್ನ್‌ಬಿ ಇಳಿದಿದ್ದರೆ ಆ ಹತ್ತಿ 1859ರಲ್ಲೇ ನಿಲ್ಲುತ್ತಿತ್ತು. ಬೆಲೆ ಏರಿಕೆ, ಅದರ ಬೆನ್ನಿಗೆ ಬಂದ ಕುಸಿತ, ಸಾಲ ಎಲ್ಲವೂ ಎರಡು ವರ್ಷ ಮೊದಲೇ ನಮ್ಮ ಎರೆನೆಲದ ರೈತನ ಬಾಗಿಲಿಗೆ ಬರುತ್ತಿದ್ದವು. ಅದರಾಚೆಗೆ ಊಹಿಸುವ ಧೈರ್ಯ ನನಗಿಲ್ಲ.

ನಡೆದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಅಧ್ಯಕ್ಷ ಬುಕಾನನ್ 73 ವರ್ಷದ ಜನರಲ್ ವಿನ್‌ಫೀಲ್ಡ್ ಸ್ಕಾಟ್‌ನನ್ನು ಕಳಿಸಿದ. ಎರಡೂ ಕಡೆ ನೂರು ಜನ ಮೀರದ ಪಹರೆ ಎಂದು ಒಪ್ಪಂದವಾಯಿತು. 1860ರ ಮಾರ್ಚಿನಲ್ಲಿ ಬ್ರಿಟಿಷ್ ಸೈನಿಕರು ದ್ವೀಪದ ಉತ್ತರಕ್ಕೆ ಶಿಬಿರ ಹೂಡಿದರು, ಅಮೆರಿಕನ್ನರು ದಕ್ಷಿಣದಲ್ಲಿದ್ದರು. ಹನ್ನೆರಡು ವರ್ಷ ಒಬ್ಬರನ್ನೊಬ್ಬರು ನೋಡುತ್ತ ಕಳೆದರು. 1871ರ ವಾಷಿಂಗ್ಟನ್ ಒಪ್ಪಂದದಂತೆ ವ್ಯಾಜ್ಯ ಜರ್ಮನಿಯ ಚಕ್ರವರ್ತಿ ಒಂದನೆಯ ವಿಲ್‌ಹೆಲ್ಮ್ ಮುಂದೆ ಹೋಯಿತು. 1872ರ ಅಕ್ಟೋಬರ್ 21ರಂದು ತೀರ್ಪು ಅಮೆರಿಕದ ಪರ ಬಂತು. ಮುಂದಿನ ತಿಂಗಳು ಬ್ರಿಟಿಷರು ಶಿಬಿರ ಬಿಟ್ಟರು. ಇಡೀ ಕಲಹದಲ್ಲಿ ಗುಂಡಿಗೆ ಬಲಿಯಾದದ್ದು ಆ ಹಂದಿ ಒಂದೇ.

ವಿದ್ಯಾರ್ಥಿ ಮಿತ್ರರೆ, ಯುದ್ಧ ಗೆದ್ದವರ ಚರಿತ್ರೆಗಳು ನಮ್ಮ ಗ್ರಂಥಾಲಯಗಳಲ್ಲಿ ಕಪಾಟು ತುಂಬ ಇವೆ. ಕೈಯಲ್ಲಿ ಆಜ್ಞೆಯಿದ್ದೂ ಗುಂಡು ಹಾರಿಸದವರ ಚರಿತ್ರೆ ಕನ್ನಡದಲ್ಲಿ ಬರಬೇಕು. ನಿಮ್ಮಲ್ಲಿ ಒಬ್ಬರಾದರೂ ಆ ಕೆಲಸಕ್ಕೆ ಕೈಹಾಕಿ ಎಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ. ಆ ಬರವಣಿಗೆಗೆ ಮೊದಲ ಸಾಮಗ್ರಿಯನ್ನು ನಾನೇ ಕೊಡುತ್ತೇನೆ. ಬೇನ್ಸ್ ಅಂದು ಏರಿ ಬಂದ ಹಡಗು 84 ಫಿರಂಗಿಗಳದ್ದು. ಅದನ್ನು ಕಟ್ಟಿದ್ದು 1821ರಲ್ಲಿ, ಮುಂಬೈ ಹಡಗುಕಟ್ಟೆಯಲ್ಲಿ, ವಾಡಿಯಾ ಮನೆತನದವರ ಉಸ್ತುವಾರಿಯಲ್ಲಿ, ಸಾಗವಾನಿಯಿಂದ. ಆ ಕಾಲದಲ್ಲಿ ಮಲಬಾರ್ ಮತ್ತು ಕೆನರಾ ಕಾಡಿನ ಸಾಗವಾನಿ ಆ ಕಟ್ಟೆಗೆ ಹೋಗುತ್ತಿತ್ತು. ಹಡಗಿನ ಹೆಸರು ಗ್ಯಾಂಜಿಸ್, ಅಂದರೆ ನಮ್ಮ ಗಂಗೆ. 1930ರಲ್ಲಿ ಅದನ್ನು ಒಡೆದು ಹಾಕಿದರು. ಸ್ಯಾನ್ ವಾನ್ ದ್ವೀಪದ ಎದುರು, ಹಾರೊ ಕಾಲುವೆಯಾಚೆ, ಕೆನಡಾದ ಸಾಲ್ಟ್ ಸ್ಪ್ರಿಂಗ್ ದ್ವೀಪದ ಒಂದು ಬಂದರಿಗೂ ಅಲ್ಲಿನ ಊರಿಗೂ ಇವತ್ತಿಗೂ ಅದೇ ಹೆಸರಿದೆ.