ಒಣಮೀನಿನಲ್ಲಿ ವಿಷಲೋಹಗಳು: ಅರಿವು ಮತ್ತು ಮುನ್ನೆಚ್ಚರಿಕೆ

(ಬೂದಿಕೋಟೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಡಲಿನಿಂದ ದೂರವಿರುವ ಈ ಸೀಮೆಗೆ ಸಮುದ್ರದ ಮೀನು ಒಣಗಿದ ರೂಪದಲ್ಲಿ ಬರುವುದು ಹಳೆಯ ರೂಢಿ. ಬಂಗಾರಪೇಟೆ, ಕೆಜಿಎಫ್ ಕಡೆಯ ಮನೆಗಳಲ್ಲಿ ಕರುವಾಡು ಎಂದು ಕರೆಯುವ ಈ ಆಹಾರ ಕಡಿಮೆ ಖರ್ಚಿನಲ್ಲಿ ಪ್ರೋಟೀನ್ ಮತ್ತು ಸುಣ್ಣದ ಅಂಶವನ್ನು ಒದಗಿಸುತ್ತದೆ. ಆದುದರಿಂದ ಒಣಮೀನನ್ನು ಬಿಡಿಸುವುದು ಈ ಉಪನ್ಯಾಸದ ಉದ್ದೇಶವಲ್ಲ. ಆರಿಸಿ, ಅಳತೆಯರಿತು ತಿನ್ನಬೇಕೆಂಬುದೇ ಉದ್ದೇಶ.

ಉಪ್ಪು ಮತ್ತು ಬಿಸಿಲು ಮೀನಿನ ನೀರನ್ನು ತೆಗೆಯುತ್ತವೆ. ಅದರಿಂದ ಕೊಳೆಯುವುದು ನಿಲ್ಲುತ್ತದೆ. ಆದರೆ ಪಾದರಸ, ಸೀಸ, ಕ್ಯಾಡ್ಮಿಯಂಗಳು ನೀರಿನೊಡನೆ ಆರಿಹೋಗುವುದಿಲ್ಲ. ತಾಜಾ ಮೀನಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುತ್ತದೆ. 3 ಕಿಲೋ ಮೀನು ಒಣಗಿ 1 ಕಿಲೋ ಆದರೆ, ಮೂರು ಕಿಲೋದಲ್ಲಿದ್ದ ಲೋಹ ಆ ಒಂದು ಕಿಲೋದಲ್ಲಿ ಉಳಿಯುತ್ತದೆ. ಆದ್ದರಿಂದ ಒಣಮೀನನ್ನು ತಾಜಾ ಮೀನಿನಷ್ಟೇ ತೂಕದಲ್ಲಿ ತಿನ್ನುವುದು ತರವಲ್ಲ. ನೆನೆಸಿ ತೊಳೆದರೆ ಉಪ್ಪು ಮತ್ತು ಮೇಲಿನ ಧೂಳು ಹೋಗುತ್ತವೆ; ಮಾಂಸದೊಳಗೆ ಸೇರಿದ ಪಾದರಸವು ನೆನೆಸಿದರೂ ಹುರಿದರೂ ಹೋಗದು. ವಾಸನೆಯಿಂದಾಗಲಿ ರುಚಿಯಿಂದಾಗಲಿ ಅದನ್ನು ಗುರುತಿಸಲಾಗದು.

ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸ ಮೀನಿನ ಮೂಲಕ ಮನುಷ್ಯರನ್ನು ಸೇರಿ ನರಮಂಡಲವನ್ನು ಕೆಡಿಸಿದ ಸಂಗತಿ 1956ರಲ್ಲಿ ಬೆಳಕಿಗೆ ಬಂದಿತು. ತಾಯಿಯ ಗರ್ಭದಲ್ಲಿದ್ದ ಶಿಶುಗಳೂ ಅದಕ್ಕೆ ಬಲಿಯಾದವು. ಸೀಸವು ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕುಂದಿಸುತ್ತದೆ. ಅದಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ತಿಳಿದುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕ್ಯಾಡ್ಮಿಯಂ ವರ್ಷಗಟ್ಟಲೆ ಮೂತ್ರಪಿಂಡದಲ್ಲಿ ಸಂಗ್ರಹವಾಗಿ ಅದನ್ನು ದುರ್ಬಲಗೊಳಿಸುತ್ತದೆ.

ಎಲ್ಲ ಮೀನುಗಳೂ ಸಮಾನವಲ್ಲ. ಸಣ್ಣ ಮೀನನ್ನು ದೊಡ್ಡದು ತಿನ್ನುತ್ತ ಹೋದಂತೆ ಪಾದರಸ ಮೇಲಿನ ಹಂತದಲ್ಲಿ ಹೆಚ್ಚುತ್ತದೆ. ಶಾರ್ಕ್, ದೊಡ್ಡ ಟ್ಯೂನಾಗಳಲ್ಲಿ ಅದು ಅಧಿಕ. ನೆತ್ತಿಲಿ, ಮತ್ತಿ, ಬಂಗುಡೆಗಳಲ್ಲಿ ಸಾಮಾನ್ಯವಾಗಿ ಕಡಿಮೆ. ಆದರೆ ಕ್ಯಾಡ್ಮಿಯಂ ಕರುಳು ಮತ್ತು ಯಕೃತ್ತಿನಲ್ಲಿ ಹೆಚ್ಚಾಗಿ ನೆಲೆಸುವುದರಿಂದ ಸಣ್ಣ ಮೀನಿನ ತಲೆ, ಹೊಟ್ಟೆಗಳನ್ನು ತೆಗೆದು ಬೇಯಿಸುವುದು ಒಳಿತು.

ಒಣಗಿಸುವ ಮತ್ತು ಮಾರುವ ನೆಲವೂ ಮುಖ್ಯ. ರಸ್ತೆಯ ಬದಿಯಲ್ಲಿ ಹರಡಿದ ಮೀನಿಗೆ ಧೂಳಿನೊಡನೆ ಸೀಸ ಮೊದಲಾದವು ಅಂಟಬಹುದು. ಕೆಜಿಎಫ್ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದರೂ ಸೈನೈಡ್ ದಿಬ್ಬಗಳ ಪುಡಿ ಗಾಳಿಗೆ ಏಳುತ್ತಲೇ ಇದೆ. ಇಂಥ ಕಡೆ ಆಹಾರವನ್ನು ತೆರೆದಿಡುವುದು ಸಲ್ಲದು. ಡಬ್ಬಿಯ ಮೀನು ಕೊಳ್ಳುವವರು ಉಬ್ಬಿದ, ನೆಗ್ಗಿದ, ತುಕ್ಕು ಹಿಡಿದ ಡಬ್ಬಿಯನ್ನು ತಿರಸ್ಕರಿಸಬೇಕು. ತೆರೆದ ಮೇಲೆ ಉಳಿದುದನ್ನು ಗಾಜಿನ ಅಥವಾ ಸ್ಟೀಲ್ ಪಾತ್ರೆಗೆ ಬದಲಿಸಬೇಕು.

ಅನುಸರಿಸಬೇಕಾದ ಕ್ರಮಗಳು:

1. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಮಕ್ಕಳಿಗೆ ಶಾರ್ಕ್‌ನಂಥ ದೊಡ್ಡ ಮೀನು ಬೇಡ. ಸಣ್ಣ ಮೀನು ಮಿತವಾಗಿರಲಿ. ತಾಯಿ ಕಾರ್ಡ್ ಪರಿಶೀಲಿಸುವಾಗ ಆಶಾ ಕಾರ್ಯಕರ್ತೆಯರು ಇದನ್ನು ತಿಳಿಸಬೇಕು.

2. ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನು ನೋಡಿ ಕೊಳ್ಳಬೇಕು.

3. ಸಂತೆಯಲ್ಲಿ ಒಣಮೀನನ್ನು ನೆಲಕ್ಕೆ ಸುರಿಯದೆ, ಎತ್ತರದ ಕಟ್ಟೆಯ ಮೇಲೆ ಮುಚ್ಚಿಟ್ಟು ಮಾರುವಂತೆ ಪಂಚಾಯಿತಿಗಳು ವ್ಯವಸ್ಥೆ ಮಾಡಬೇಕು.

4. ಸಂಶಯವಿದ್ದಲ್ಲಿ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೆಯ ಕಲಮಿನಂತೆ ಕೊಂಡವರೇ ಶುಲ್ಕ ತೆತ್ತು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಸೀಸ, ಕ್ಯಾಡ್ಮಿಯಂ, ಪಾದರಸಗಳ ಪರೀಕ್ಷೆ ಬೇಕೆಂದು ಸ್ಪಷ್ಟವಾಗಿ ಕೇಳಬೇಕು.

ಕೆಟ್ಟ ಮೀನನ್ನು ಮೂಗು ಹಿಡಿದುಕೊಡುತ್ತದೆ. ಲೋಹವನ್ನು ಪ್ರಯೋಗಾಲಯ ಮಾತ್ರ ಹಿಡಿಯಬಲ್ಲದು. ಆ ಪರೀಕ್ಷೆ ಸುಲಭವಾಗಿ ದೊರೆಯುವವರೆಗೆ ಮೀನಿನ ಆಯ್ಕೆ, ಮಿತಿ ಮತ್ತು ಶುಚಿಯಾದ ನೆಲ, ಈ ಮೂರೇ ಮನೆಯ ಕಾವಲು.