ಊರಿನ ಆರೋಗ್ಯಕ್ಕೆ ಊರಲ್ಲೇ ನಿಲ್ಲುವ ಜನ ಬೇಕು

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ಹಾಲಿನ ಸಂಘ ನಡೆಸೋದು ಹುಡುಗಾಟವಲ್ಲ. ಹಾಲು ಅಳೆಯುವವರು, ಲೆಕ್ಕ ಬರೆಯುವವರು ನಮ್ಮೂರಿನವರೇ. ತಿಂಗಳಾದರೆ ಅವರ ಕೈಗೆ ಸಂಬಳ ಸೇರಿದೆ. ಅದಕ್ಕೇ ಅವರು ನಿಂತರು, ಸಂಘವೂ ನಿಂತಿತು. ಇದೇ ಲೆಕ್ಕವನ್ನು ನಮ್ಮ ಆರೋಗ್ಯಕ್ಕೂ ಹಾಕಿ ನೋಡೋಣ.

ಸಹಕಾರಿಗಳಾದ ನಮಗೆ 2003ರಲ್ಲಿ ಯಶಸ್ವಿನಿ ಯೋಜನೆ ಬಂತು. 2018ರಲ್ಲಿ ನಿಂತು ಹೋಗಿ, ಮತ್ತೆ ಶುರುವಾಯಿತು. ಆಪರೇಷನ್ನಿಗೆ ಅದು ದೊಡ್ಡ ಆಸರೆ. ಆದರೆ ಬಸುರಿಯ ತಪಾಸಣೆ, ಮಗುವಿನ ಚುಚ್ಚುಮದ್ದು, ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಇವಕ್ಕೆಲ್ಲ ಕಾರ್ಡು ಸಾಲದು, ಮನುಷ್ಯರು ಬೇಕು.

30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೊಂದು ಉಪಕೇಂದ್ರ, 1,000 ಜನಕ್ಕೊಬ್ಬ ಆಶಾ ಎಂಬುದು ಸರ್ಕಾರದ ಲೆಕ್ಕ. ಲೆಕ್ಕವೇನೋ ಸರಿ. ಹುದ್ದೆ ಖಾಲಿ ಬಿದ್ದರೆ ಮಾತ್ರ ಇಬ್ಬರ ಹೊರೆ ಒಬ್ಬರ ಹೆಗಲಿಗೇ. 2020ರಲ್ಲಿ ನಂಜನಗೂಡಿನ ಔಷಧಿ ಕಾರ್ಖಾನೆಯ ನೌಕರರಲ್ಲಿ ಕೊರೋನಾ ಕಾಣಿಸಿದಾಗ ಮನೆಮನೆ ತಿರುಗಿದವರು ಆಶಾಗಳು, ನರ್ಸಮ್ಮಂದಿರು. ಅದೇ ಆಗಸ್ಟಿನಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಯವರನ್ನೇ ಕಳೆದುಕೊಂಡೆವು. ಕೆಲಸದ ಒತ್ತಡವೇ ಕಾರಣವೆಂದು ವೈದ್ಯರು ಪ್ರತಿಭಟಿಸಿದರು. ಇದನ್ನು ನಾವು ಮರೆಯಬಾರದು.

2005ರ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಬಂದ ಆಶಾ ಕಾಗದದ ಮೇಲೆ ಇಂದಿಗೂ ಸ್ವಯಂಸೇವಕಿ. ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆಯಲು 2025ರ ಜನವರಿಯಲ್ಲಿ ಅವರು ಬೆಂಗಳೂರಿನಲ್ಲಿ ಧರಣಿ ಕೂರಬೇಕಾಯಿತು. ವೈದ್ಯ ಪದವೀಧರರ ಕಡ್ಡಾಯ ಸೇವೆಗೆ 2012ರ ಕಾಯ್ದೆ ಇದೆ, ಅದು ಒಂದು ವರ್ಷದ ಮಾತು. ಡಾಕ್ಟರಿಗೆ ಊರು ಪರಿಚಯವಾಗುವ ಹೊತ್ತಿಗೆ ಹೊರಡುವ ಕಾಲ ಬಂದಿರುತ್ತದೆ.

ದಾರಿ ಹುಡುಕಿ ದೂರ ಹೋಗೋದು ಬೇಡ. ತಿ. ನರಸೀಪುರದ ಮಗ್ಗುಲಲ್ಲೇ ಯಳಂದೂರು. ಅಲ್ಲಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಕೆಲಸ ಮಾಡಿದ ಡಾ. ಎಚ್. ಸುದರ್ಶನ್ ಅವರು ಸೋಲಿಗ ಹೆಣ್ಣುಮಕ್ಕಳಿಗೇ ನರ್ಸಿಂಗ್ ತರಬೇತಿ ಕೊಡಿಸಿದರು. 1996ರಲ್ಲಿ ಸರ್ಕಾರ ಗುಂಬಳ್ಳಿಯ ಆರೋಗ್ಯ ಕೇಂದ್ರವನ್ನು ಅವರ ಕರುಣಾ ಟ್ರಸ್ಟಿಗೆ ವಹಿಸಿತು. ತನ್ನ ಜನರ ನಡುವೆ ಕೆಲಸ ಮಾಡುವವಳು ವರ್ಗಾವಣೆಗೆ ಅರ್ಜಿ ಹಿಡಿದು ಓಡಾಡಳು.

ಆದ್ದರಿಂದ ಸರ್ಕಾರಕ್ಕೆ ನಮ್ಮ ಬೇಡಿಕೆ ಮೂರು: ಖಾಲಿ ಹುದ್ದೆ ತುಂಬಲಿ, ತಾಲ್ಲೂಕಿನ ಹೆಣ್ಣುಮಕ್ಕಳನ್ನೇ ಓದಿಸಿ ಇಲ್ಲೇ ನೇಮಿಸಲಿ, ಆಶಾಗೆ ನಿಗದಿತ ಸಂಬಳ ಕೊಡಲಿ. ನಮ್ಮ ಪಾಲಿಗೂ ಕೆಲಸವಿದೆ. ಲಾಭದಲ್ಲಿ ಊರ ಕೆಲಸಕ್ಕೆಂದು ತೆಗೆದಿಡುವ ಹಣದಿಂದ ಒಬ್ಬ ಬಡ ಹುಡುಗಿಯ ನರ್ಸಿಂಗ್ ಓದಿಗೆ ನೆರವಾಗೋಣ. ಉಪಕೇಂದ್ರದ ನರ್ಸಮ್ಮನಿಗೆ ಊರಲ್ಲಿ ಒಂದು ಒಳ್ಳೇ ಬಾಡಿಗೆ ಮನೆ ಹುಡುಕಿ ಕೊಡೋಣ. ಮುಂದಿನ ಮಹಾಸಭೆಯಲ್ಲಿ ಇದಕ್ಕೆ ಠರಾವು ಆಗಲಿ ಎಂದು ಕೋರುತ್ತಾ ನಮ್ಮ ಮಾತು ಮುಗಿಸುತ್ತೇವೆ.