ಕೂರುವುದನ್ನು ಕಲಿಯಲು ಮೂರು ವರ್ಷ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಲಂಡನ್’ ಎಂದು ಹಾಕಿದ್ದೀರಿ. ತಪ್ಪೇನಿಲ್ಲ, ಇವತ್ತಿಗೂ ಅನ್ನ ಕೊಡುತ್ತಿರುವುದು ಅದೇ. ಆದರೆ ಕಳೆದ ವರ್ಷ ನಾನು ಇನ್ನೊಂದು ಕೆಲಸದ ತರಬೇತಿ ಮುಗಿಸಿದೆ. ಅದಕ್ಕೆ ಅಲೆಕ್ಸಾಂಡರ್ ಟೆಕ್ನಿಕ್ ಅನ್ನುತ್ತಾರೆ. ಕೂರುವಾಗ, ಏಳುವಾಗ, ಬಗ್ಗುವಾಗ, ಮಾತಾಡುವಾಗ ನಾವು ನಮ್ಮ ಮೈಯನ್ನು ಏನು ಮಾಡಿಕೊಳ್ಳುತ್ತೇವೆ ಎಂಬುದು ನಮಗೇ ತಿಳಿಯುವಂತೆ ಕಲಿಸುವ ಮೇಷ್ಟ್ರ ಕೆಲಸ ಅದು. ಅಪ್ಪನಿಗೆ ಫೋನಿನಲ್ಲಿ ವಿವರಿಸಿದೆ. ಎಲ್ಲ ಕೇಳಿಸಿಕೊಂಡು, “ಅಲ್ಲ ಕಣೋ, ಕುರ್ಚಿ ಮೇಲೆ ಕೂರೋದು ಕಲಿಯಕ್ಕೆ ಮೂರು ವರ್ಷ ದುಡ್ಡು ಕಟ್ಟಿದ್ಯಾ?” ಅಂದರು. ಹೆಚ್ಚುಕಡಿಮೆ ಅದೇ ನಿಜ.

ಈ ಶಾಲೆಯಲ್ಲಿ ನಮಗೆ ಆ ಪಾಠ ಪುಕ್ಕಟೆ ಸಿಗುತ್ತಿತ್ತು. ಪಿ.ಟಿ. ಮೇಷ್ಟ್ರು ಬಾಗಿಲಲ್ಲಿ ಕಾಣಿಸಿದರೆ ಸಾಕು, “ನೆಟ್ಟಗೆ ಕೂತ್ಕೊಳ್ರೋ!” ಅನ್ನುವ ಮೊದಲೇ ಎದೆ ಮುಂದೆ, ಹೊಟ್ಟೆ ಒಳಗೆ, ಉಸಿರು ಬಂದ್. ಅವರು ಆ ಕಡೆ ಹೋದ ಮೇಲೆ ನಾವು ಮತ್ತೆ ಗೋಣಿಚೀಲ. ಮೇಷ್ಟ್ರೇ, ನೀವು ನಗುತ್ತಿದ್ದೀರಿ. ನಿಮ್ಮ ಮೇಲೆ ದೂರಲ್ಲ ಇದು. ನಾನು ಮುಂದೆ ಇಪ್ಪತ್ತು ವರ್ಷ ನನ್ನ ಮೇಲೆ ನಾನೇ ಆ ಕೂಗು ಕೂಗುತ್ತಿದ್ದೆ.

ಲಂಡನ್ನಿಗೆ ಹೋಗಿ ನಾಲ್ಕನೆಯ ವರ್ಷಕ್ಕೆ ಬಲಗೈ ಕೈಕೊಟ್ಟಿತು. ಕತ್ತಿನಿಂದ ಹಿಡಿದು ಹೆಬ್ಬೆರಳಿನ ತನಕ ಉರಿ. ರಾತ್ರಿ ಕೈಯನ್ನು ಎಲ್ಲಿಡಬೇಕೆಂದು ಗೊತ್ತಾಗುತ್ತಿರಲಿಲ್ಲ. ಕುರ್ಚಿ ಬದಲಾಯಿಸಿದೆ, ಮೌಸ್ ಬದಲಾಯಿಸಿದೆ. ಫಿಸಿಯೊಥೆರಪಿಯಿಂದ ಸ್ವಲ್ಪ ಇಳಿಯಿತು, ಮತ್ತೆ ಬಂತು. ಆಫೀಸಿನಲ್ಲಿ ಪಿಟೀಲು ನುಡಿಸುವ ಒಬ್ಬರು ಈ ಪಾಠದ ವಿಷಯ ಹೇಳಿದರು. ಅಲ್ಲಿ ಸಂಗೀತ ಮತ್ತು ನಾಟಕದವರಿಗೆ ಇದು ಹೊಸದಲ್ಲ. ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಇದನ್ನು ಕಲಿಸುತ್ತಾರೆ.

ಮೊದಲ ಪಾಠ ಇಷ್ಟೇ. ಕಲಿಸುವಾಕೆ ನನ್ನ ಕತ್ತಿನ ಹಿಂದೆ ಹಗುರಾಗಿ ಕೈಯಿಟ್ಟು, “ಕೂತುಕೊಳ್ಳಿ ಅಂತ ಈಗ ಹೇಳುತ್ತೇನೆ, ಆದರೆ ಕೂರಬೇಡಿ” ಅಂದರು. ಹೇಳಿದರು, ನಾನು ಕೂರಲಿಲ್ಲ. ಆದರೂ ಆ ಮಾತು ಕಿವಿಗೆ ಬಿದ್ದ ಕ್ಷಣದಲ್ಲೇ ನನ್ನ ಕತ್ತು ಬಿಗಿದು, ತಲೆ ಹಿಂದಕ್ಕೆ ಎಳೆದುಕೊಂಡಿತ್ತು. ಸುಮಾರು ಐದು ಕೆ.ಜಿ. ತೂಗುವ ತಲೆ! ನಾನು ದಿನಕ್ಕೆ ಎಷ್ಟು ಸಲ ಕೂರುತ್ತೇನೆ, ಎಷ್ಟು ಸಲ ಕೀಬೋರ್ಡ್ ಮುಟ್ಟುತ್ತೇನೆ? ಲೆಕ್ಕ ಹಾಕಲು ಹೋಗಿ ಹೆದರಿ ಬಿಟ್ಟೆ.

ಇದನ್ನು ಕಂಡುಕೊಂಡವನ ಕಥೆ ಮಕ್ಕಳು ಕೇಳಬೇಕು. ಫ್ರೆಡರಿಕ್ ಮಥಾಯಸ್ ಅಲೆಕ್ಸಾಂಡರ್, 1869ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ ಹುಟ್ಟಿದವನು. ವೇದಿಕೆಯ ಮೇಲೆ ಷೇಕ್ಸ್‌ಪಿಯರ್ ವಾಚಿಸುವುದು ಅವನ ವೃತ್ತಿ, ನಮ್ಮ ಗಮಕಿಗಳ ಹಾಗೆ ಅಂದುಕೊಳ್ಳಿ. ವಾಚಿಸುತ್ತ ವಾಚಿಸುತ್ತ ಗಂಟಲು ಕಟ್ಟತೊಡಗಿತು. ಡಾಕ್ಟರು ಗಂಟಲಿಗೆ ವಿಶ್ರಾಂತಿ ಕೊಡಿಸಿದರು. ಕೊಟ್ಟ. ವೇದಿಕೆ ಹತ್ತುವಾಗ ಗಂಟಲು ಚೆನ್ನಾಗಿತ್ತು, ಕಾರ್ಯಕ್ರಮ ಅರ್ಧ ಮುಗಿಯುವ ಹೊತ್ತಿಗೆ ಮತ್ತೆ ಕಟ್ಟಿತು. ಹಾಗಾದರೆ ವಾಚಿಸುವಾಗ ನಾನೇ ಏನೋ ಮಾಡಿಕೊಳ್ಳುತ್ತಿದ್ದೇನೆ ಎಂದು ಅವನು ತರ್ಕ ಮಾಡಿದ. ನಮ್ಮ ಕಸುಬಿನವರಿಗೆ ಈ ತರ್ಕ ಬಹಳ ಹಿಡಿಸುತ್ತದೆ. ಸರ್ವರ್ ಸರಿಯಿದ್ದು, ಪ್ರೋಗ್ರಾಂ ಓಡಿಸಿದಾಗ ಮಾತ್ರ ಕೆಟ್ಟರೆ ಪ್ರೋಗ್ರಾಂ ನೋಡಬೇಕಲ್ಲವೇ?

ಕನ್ನಡಿಯ ಮುಂದೆ ನಿಂತು ನೋಡಿಕೊಂಡ. ವಾಚನ ಶುರುವಾದೊಡನೆ ತಲೆ ಹಿಂದಕ್ಕೆ ಎಳೆಯುತ್ತಿದೆ, ಧ್ವನಿಪೆಟ್ಟಿಗೆ ಅದುಮಿಕೊಳ್ಳುತ್ತಿದೆ, ಬಾಯಿಂದ ಗಾಳಿ ಎಳೆಯುತ್ತಿದ್ದಾನೆ. ಸರಿ, ತಲೆಯನ್ನು ಮುಂದಕ್ಕೆ ಬಿಟ್ಟು ವಾಚಿಸಿದ. ಬಿಟ್ಟಿದ್ದೇನೆ ಎಂದೇ ಅವನಿಗೆ ಖಾತ್ರಿ. ಅಕ್ಕಪಕ್ಕ ಇನ್ನೆರಡು ಕನ್ನಡಿ ಇಟ್ಟು ನೋಡಿದರೆ ತಲೆ ಇನ್ನೂ ಹಿಂದಕ್ಕೇ ಹೋಗುತ್ತಿತ್ತು! ಮೈ ಹೇಳುವ ಸುದ್ದಿಯೇ ಸುಳ್ಳು. ಬಹಳ ದಿನದಿಂದ ಸೊಟ್ಟಗಿದ್ದವನಿಗೆ ಸೊಟ್ಟವೇ ನೆಟ್ಟಗೆ ಅನಿಸುತ್ತದೆ. ಸರಿಪಡಿಸಲು ಹೊರಡುವ ಮೊದಲು, ಹಳೆಯ ಚಾಳಿ ಏಳುವ ಆ ಕ್ಷಣದಲ್ಲಿ ‘ಬೇಡ’ ಅನ್ನುವುದನ್ನು ಕಲಿಯಬೇಕು ಎಂಬುದು ಅವನಿಗೆ ಹೊಳೆದದ್ದು ಆಗ. 1904ರಲ್ಲಿ ಅವನು ಲಂಡನ್ನಿಗೆ ಬಂದ. ಕಲಿಸುವವರನ್ನು ತಯಾರು ಮಾಡುವ ತರಗತಿಯನ್ನು 1931ರಲ್ಲಿ ಅಲ್ಲೇ ತೆರೆದ.

ನಾನು ಸೇರಿದ್ದೂ ಅಂಥದೇ ತರಗತಿಗೆ. ಮೂರು ವರ್ಷ, ಒಟ್ಟು 1600 ಗಂಟೆ. ಅಲ್ಲೇ ನೆಲೆಸುವ ಪರವಾನಗಿ ಸಿಕ್ಕ ಮೇಲೆ ಆಫೀಸಿನಲ್ಲಿ ಕೇಳಿ ಅರ್ಧ ಕೆಲಸ, ಅರ್ಧ ಸಂಬಳಕ್ಕೆ ಇಳಿದೆ. ಬೆಳಿಗ್ಗೆ ಮೂರು ಗಂಟೆ ತರಗತಿ, ಮಧ್ಯಾಹ್ನದಿಂದ ಕೋಡಿಂಗ್. ಮನೆಯಲ್ಲಿ ಇದಕ್ಕೆ ಯಾರೂ ಸಿಹಿ ಹಂಚಲಿಲ್ಲ. ನನ್ನ ಹೆಂಡತಿ ಮಾತ್ರ, “ರಾತ್ರಿ ನಿದ್ದೆ ಮಾಡ್ತೀಯಲ್ಲ, ಅಷ್ಟು ಸಾಕು” ಅಂದಳು.

ತರಗತಿಯಲ್ಲಿ ಒಬ್ಬ ಚೆಲ್ಲೊ ವಾದಕ, ಒಬ್ಬ ನಟಿ, ನಿವೃತ್ತ ನರ್ಸ್ ಒಬ್ಬರು ಇದ್ದರು. ಮೊದಲ ವರ್ಷ ಇನ್ನೊಬ್ಬರ ಮೇಲೆ ಕೈಯಿಡಲು ಬಿಡಲೇ ಇಲ್ಲ. ಕುರ್ಚಿಯಿಂದ ಏಳುವುದು, ಕೂರುವುದು. ಮಂಡಿ ಮಡಿಸಿ, ತಲೆಯ ಕೆಳಗೆ ಪುಸ್ತಕ ಇಟ್ಟುಕೊಂಡು ಅಂಗಾತ ಮಲಗುವುದು. ಸೊಂಟ, ಮಂಡಿ, ಪಾದದ ಕೀಲು ಮೂರನ್ನೂ ಸಡಿಲಬಿಟ್ಟು ಬಗ್ಗುವುದಕ್ಕೆ ಅವರು ‘ಮಂಕಿ’ ಅನ್ನುತ್ತಾರೆ. ಕುಕ್ಕರಗಾಲಲ್ಲಿ ಕೂರುವುದನ್ನೂ ಅಭ್ಯಾಸ ಮಾಡಿಸುತ್ತಿದ್ದರು. ಅದೊಂದರಲ್ಲಿ ನಾನು ತರಗತಿಗೇ ಮೊದಲು. ನಮ್ಮ ಊರಿನ ಯಾವ ಅಜ್ಜಿಯನ್ನು ಕರೆದೊಯ್ದಿದ್ದರೂ ಮೊದಲ ದಿನವೇ ಸರ್ಟಿಫಿಕೇಟು ಕೊಡುತ್ತಿದ್ದರು.

ನಮ್ಮಲ್ಲಿ ಯೋಗ ಇಲ್ಲವೇ, ಅಲ್ಲಿಗೆ ಹೋಗಿ ಇದನ್ನು ಕಲಿಯಬೇಕಿತ್ತೇ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಲಂಡನ್ನಿನಲ್ಲಿ ಯೋಗ ಕಲಿಸಿ ಹೆಸರಾದ ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು ನಮ್ಮ ಕೋಲಾರದ ಕಡೆಯ ಬೆಳ್ಳೂರಿನಲ್ಲೇ. ಯೋಗದ ಬಗ್ಗೆ ನನಗೆ ಗೌರವವಿದೆ. ಇದರಲ್ಲಿ ಆಸನವಿಲ್ಲ, ವ್ಯಾಯಾಮವಿಲ್ಲ; ಪಾತ್ರೆ ತೊಳೆಯುವಾಗ, ಬಸ್ಸು ಹತ್ತುವಾಗ ಮಾಡುವುದನ್ನೇ ಗಮನಿಸುವುದು. ನನ್ನ ಕೈಗೆ ಅದು ಬೇಕಿತ್ತು.

ಈಗ ಅವ್ವನ ವಿಷಯ. ಅವಳು ಅಲ್ಲಿ ಎರಡನೇ ಸಾಲಿನಲ್ಲಿ ಕೂತಿದ್ದಾಳೆ. ಇಲ್ಲಿರುವ ಎಷ್ಟೋ ಜನ ಅವಳು ಬೇಯಿಸಿದ ಬಿಸಿಯೂಟ ಉಂಡಿದ್ದೀರಿ. ನೀರು ಹೊತ್ತು, ಅಕ್ಕಿ ಮೂಟೆ ಎಳೆದು, ದೊಡ್ಡ ಪಾತ್ರೆ ಇಳಿಸಿದ ಬೆನ್ನು ಅದು. ಈಗ ಗೂನಾಗಿದೆ. ನಾನು ತರಬೇತಿಗೆ ಸೇರಿದ್ದು ನನ್ನ ಕೈನೋವಿಗೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಒಳಗೊಳಗೆ ಇದ್ದದ್ದು ಆ ಬೆನ್ನು. ಮೂರು ವರ್ಷ ಕಲಿತು ಬಂದು ಅವ್ವನನ್ನು ನೆಟ್ಟಗೆ ನಿಲ್ಲಿಸುತ್ತೇನೆ ಎಂದುಕೊಂಡಿದ್ದೆ.

ಎರಡನೇ ವರ್ಷದ ರಜೆಯಲ್ಲಿ ಬಂದೆ. ಜಗಲಿಯ ಮೇಲೆ ಕೂರಿಸಿ ಅವಳ ಬೆನ್ನಿಗೆ, ಕತ್ತಿಗೆ ಕೈಯಿಟ್ಟೆ. ಐದು ನಿಮಿಷವಾಗಿರಬಹುದು. ಅವಳ ಭುಜ ಮೇಲೇರಿತು, ಉಸಿರು ಬಿಗಿಯಿತು. “ಬುಡ್ ಮಗ,” ಅಂದಳು. “ನಿನ್ನ ಕೈಲಿ ಆತುರ ಐತೆ.”

ನನಗೆ ಮಾತೇ ಹೊರಡಲಿಲ್ಲ. ನಮ್ಮ ಮುಖ್ಯ ಶಿಕ್ಷಕಿ ಎರಡು ವರ್ಷದಿಂದ ಬೇರೆ ಬೇರೆ ರೀತಿಯಲ್ಲಿ ಹೇಳುತ್ತಿದ್ದುದೇ ಅದು. ಇನ್ನೊಬ್ಬರನ್ನು ಸರಿಮಾಡಬೇಕು ಎಂಬ ಹಟ ನಿಮ್ಮೊಳಗೆ ಎದ್ದರೆ ಮೊದಲು ನಿಮ್ಮ ಕತ್ತು ಬಿಗಿಯುತ್ತದೆ, ಅದು ಕೈಗೆ ಇಳಿಯುತ್ತದೆ, ಆ ಕೈ ತಗುಲಿದವರು ಬಿಗಿಯುತ್ತಾರೆ. ಇದನ್ನು ನೋಟ್ಸ್ ಬರೆದುಕೊಂಡಿದ್ದೆ, ಅರ್ಥವಾಗಿದೆ ಎಂದೂ ಅಂದುಕೊಂಡಿದ್ದೆ. ಪಿ.ಟಿ. ಮೇಷ್ಟ್ರ ಆ ಕೂಗು ನನ್ನ ಬೆರಳಿನಲ್ಲಿ ಇನ್ನೂ ಕೂತಿತ್ತು.

ಮೂರನೇ ವರ್ಷವೆಲ್ಲ ಅದರ ಮೇಲೆಯೇ ಹೋಯಿತು. ಯಾರದೋ ಹೆಗಲ ಮೇಲೆ ಕೈಯಿಟ್ಟು, ಏನೂ ಬಯಸದೆ ನಿಲ್ಲುವುದು. ಕಷ್ಟ ಅಂದರೆ ಕಷ್ಟ. ಇಂಜಿನಿಯರಿಗಂತೂ ಇನ್ನೂ ಕಷ್ಟ.

ಅವ್ವನ ಬೆನ್ನು ನೆಟ್ಟಗಾಗಿಲ್ಲ, ಆಗುವುದೂ ಇಲ್ಲ. ಮೂಳೆ ಸವೆದು ಕುಸಿದಿದೆ ಎಂದು ಎಕ್ಸ್‌ರೇ ನೋಡಿ ಡಾಕ್ಟರು ಹೇಳಿದ್ದಾರೆ. ಕುಸಿದ ಮೂಳೆಯನ್ನು ನನ್ನ ವಿದ್ಯೆ ಎತ್ತಲಾರದು. ಈ ಸಲ ಬಂದಾಗ ಅವಳೇ, “ಕೈಯಿಡು ನೋಡಾನ” ಅಂದಳು. ಇಟ್ಟೆ. ಸುಮ್ಮನಿದ್ದಳು. ಈಗ ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಮಂಡಿ ಮಡಿಸಿ ಮಲಗುತ್ತಾಳೆ. ಗೂನಿಗೆ ತಲೆ ಎತ್ತರದಲ್ಲಿರಬೇಕು. ನನ್ನ ಎಂಟು, ಒಂಬತ್ತು, ಹತ್ತನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕಗಳು ಅಟ್ಟದಿಂದ ಇಳಿದಿವೆ. ನನಗಿಂತ ಅವಳಿಗೇ ಅವು ಹೆಚ್ಚು ಉಪಯೋಗವಾಗಿವೆ.

ನಾನು ಡಾಕ್ಟರಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ. ಈ ವಿದ್ಯೆಯ ಹೆಸರಿನಲ್ಲಿ ಹೇಳುವ ಎಲ್ಲದಕ್ಕೂ ಪುರಾವೆಯಿಲ್ಲ. ಬಹುಕಾಲದ ಬೆನ್ನುನೋವಿಗೆ ಮಾತ್ರ ಒಳ್ಳೆಯ ಪುರಾವೆಯಿದೆ. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 579 ರೋಗಿಗಳ ಮೇಲೆ ನಡೆದ ಪ್ರಯೋಗದ ವರದಿ ಬಂತು. ಒಂದು ವರ್ಷದ ನಂತರ ನೋಡಿದಾಗ, ಮಾಮೂಲು ಚಿಕಿತ್ಸೆಯಲ್ಲಿದ್ದವರಿಗೆ ನಾಲ್ಕು ವಾರದಲ್ಲಿ 21 ದಿನ ನೋವಿದ್ದರೆ, 24 ಪಾಠ ತೆಗೆದುಕೊಂಡವರಿಗೆ 3 ದಿನ. ಇವು ಎರಡೂ ಗುಂಪಿನ ಮಧ್ಯಾಂಕಗಳು. ಗಣಿತದ ಮೇಡಂ ಮಕ್ಕಳಿಗೆ ವಿವರಿಸುತ್ತಾರೆ.

ಹಳೆಯ ವಿದ್ಯಾರ್ಥಿಗಳ ಸಂಘ ಇನ್ನೊಂದು ಪ್ರೊಜೆಕ್ಟರ್ ಕೊಡುವ ಯೋಚನೆಯಲ್ಲಿದೆ ಎಂದು ಕೇಳಿದೆ. ನಿನ್ನೆ ಎಂಟನೇ ತರಗತಿಗೆ ಹೋಗಿ ಬೆಂಚಿನ ಮೇಲೆ ಕೂತು ನೋಡಿದೆ. ಹತ್ತನೆಯವರಿಗೂ ಅದೇ ಎತ್ತರ, ಎಂಟನೆಯವರಿಗೂ ಅದೇ. ಮುಂದಿನ ಸಾಲಿನ ಚಿಕ್ಕ ಮಕ್ಕಳ ಕಾಲು ನೆಲಕ್ಕೆ ತಾಕುವುದಿಲ್ಲ. ಕಾಲು ತಾಕದ ಮಗುವಿಗೆ ನೆಟ್ಟಗೆ ಕೂತುಕೋ ಎಂದು ಯಾವ ಮೇಷ್ಟ್ರು ಹೇಳಿದರೂ ಆಗದು. ಎರಡು ಎತ್ತರದ ಬೆಂಚು ಮಾಡಿಸೋಣ. ಎಂಟನೇ ತರಗತಿಯ ಒಂದು ಕೊಠಡಿಯದು ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ.

ಇನ್ನು ಮೂರು ವಾರ ಊರಿನಲ್ಲೇ ಇರುತ್ತೇನೆ. ಸಂಜೆ ಕೊನೆಯ ಬೆಲ್ ಆದ ಮೇಲೆ ಒಂದು ಕೊಠಡಿ ಬಿಟ್ಟುಕೊಡಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಶಿಕ್ಷಕರು, ಅಡುಗೆಯವರು, ಯಾರು ಬೇಕಾದರೂ ಬನ್ನಿ. ಫೀಸಿಲ್ಲ. ಬರುವಾಗ ಒಂದು ಚಾಪೆ, ಮೂರು ಹಳೆಯ ಪುಸ್ತಕ ತನ್ನಿ. ಪಿ.ಟಿ. ಮೇಷ್ಟ್ರಿಗೆ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿಟ್ಟಿರುತ್ತೇನೆ.